ಒಂಬತ್ತು ಇಂಚು ಹಿಂದಕ್ಕೆ

ಯಲ್ಲಾಪುರ
9-11-2003

ತೀರ್ಥರೂಪ ಅಪ್ಪನವರಿಗೆ ಕಸ್ತೂರಿಯ ನಮಸ್ಕಾರಗಳು.

ನಾನು ಬದುಕಿದ್ದೇನೆ. ಮೊದಲು ಇದನ್ನೇ ಬರೆಯಬೇಕಾಯಿತು, ಯಾಕೆಂದರೆ ಆರು ವರ್ಷದಿಂದ ನೀವು ಕೇಳಿಲ್ಲ, ನಾನೂ ಹೇಳಿಲ್ಲ.

ಮೊನ್ನೆ ಗುರುವಾರ ಮಧ್ಯಾಹ್ನ ನನ್ನ ಖಾನಾವಳಿಗೆ ನಿಮ್ಮ ಶಿರಸಿಯ ಡ್ರಾಯಿಂಗ್ ಮಾಸ್ತರೊಬ್ಬರು ಊಟಕ್ಕೆ ಬಂದಿದ್ದರು. ನಾಗಪತಿ ಹೆಗಡೆ ಅಂತ ಹೆಸರು. ಹೌದು, ನನ್ನದೊಂದು ಖಾನಾವಳಿ ಇದೆ. ಲಾರಿಯವರು, ಬಸ್ಸಿನವರು, ಕಚೇರಿಗೆ ಬಂದವರು ಉಣ್ಣುತ್ತಾರೆ. ಮಾಸ್ತರು ರೊಟ್ಟಿ ಮುರಿಯುತ್ತಾ ಪಕ್ಕದ ಲಾರಿ ಡ್ರೈವರನಿಗೆ ಹೇಳುತ್ತಿದ್ದರು: "ನಮ್ಮೂರಿಗೆ ರೈಲು ಬಂತು ಮಾರಾಯ್ರೆ! ಚನ್ನವೀರಪ್ಪ ಅಂತ ಒಬ್ರು ರಿಟೈರಾದ ಹಳಿ ಮೇಸ್ತ್ರಿ ಇದ್ದಾರೆ. ಹದಿನಾರು ಅಡಿ ಹಲಗೆ ಮೇಲೆ ಸಿದ್ದಾಪುರದಿಂದ ಶಿರಸಿ, ಶಿರಸಿಯಿಂದ ಯಲ್ಲಾಪುರ, ಕರೆಂಟಿನ ಪುಟ್ಟ ರೈಲು ಓಡಿಸ್ತಾರೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವಕ್ಕೆ ಜನ ಬರೋದೇ ಅದನ್ನು ನೋಡ್ಲಿಕ್ಕೆ, ನೋಡಿ ಬೇಕಾದ್ರೆ."

ನನಗೆ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ. ಇನ್ನೊಂದು ರೊಟ್ಟಿ ಹಾಕುವ ನೆವದಲ್ಲಿ ಹತ್ತಿರ ಹೋಗಿ ಕೇಳಿದೆ, "ಯಲ್ಲಾಪುರದಾಗ ಏನೇನ್ ಮಾಡ್ಯಾರ್ರೀ ಸರ?"

"ಒಂದು ಸ್ಟೇಷನ್ನು, ಒಂದು ನೀರಿನ ಟಾಕಿ. ಅದರಾಚೆ ಬರೀ ಕಾಡು."

"ಬೀದಿ ಇಲ್ಲೇನ್ರೀ?"

"ಇಲ್ಲ. ಸಿದ್ದಾಪುರದಲ್ಲಿ ಪೇಟೆಬೀದಿ ಉಂಟು, ಶಿರಸಿಯಲ್ಲಂತೂ ಐದು ರಸ್ತೆ ಸರ್ಕಲ್ಲೇ ಉಂಟು. ಯಲ್ಲಾಪುರಕ್ಕೆ ಮಾತ್ರ ಎಂತಕೋ ಬೀದಿ ಮಾಡಿಲ್ಲ."

"ಆ ಮೇಸ್ತ್ರಿಗೆ ಮಕ್ಕಳು?"

"ಒಬ್ಳೇ ಮಗಳಂತೆ. ಹುಬ್ಬಳ್ಳಿ ರೈಲ್ವೆ ಕ್ವಾರ್ಟರ್ಸಿನಲ್ಲಿ ಗಂಡನ ಜೊತೆ ಆರಾಮಿದ್ದಾಳಂತೆ."

ಅವರ ತಾಟಿಗೆ ಪಲ್ಯ ನೀಡಿ ಒಳಗೆ ಬಂದೆ. ನನ್ನ ಜೊತೆ ರೊಟ್ಟಿ ಬಡಿಯುವ ದುರ್ಗಮ್ಮ, "ಯಾಕವ್ವಾ, ಮಾರಿ ಯಾಕ ಹಿಂಗಾತು?" ಅಂದಳು. ಹೊಗೆ ಅಂದೆ.

ಅಪ್ಪಾ, ನಾನು ಇರುವುದು ಯಲ್ಲಾಪುರದಲ್ಲಿ. ನಿಮ್ಮ ಹಲಗೆಯ ಮೇಲೆ ಯಲ್ಲಾಪುರ ಇರುವುದಾದರೆ ನನ್ನ ಬೀದಿಯೂ ಇರಬೇಕು. ಆಗದಿದ್ದರೆ ರೈಲನ್ನು ಶಿರಸಿಯಲ್ಲೇ ನಿಲ್ಲಿಸಿಬಿಡಿ.

ನಿಮ್ಮ ಒಬ್ಬಳೇ ಮಗಳು,
ಕಸ್ತೂರಿ


ಶಿರಸಿ
20-11-2003

ಚಿ. ಸೌ. ಕಸ್ತೂರಿಗೆ ಆಶೀರ್ವಾದಗಳು.

ಇತ್ತ ನಾನೂ ನಿನ್ನ ತಾಯಿಯೂ ಕ್ಷೇಮ. ನಿನ್ನ ಪತ್ರ ತಲುಪಿತು.

ಹಲಗೆಯ ಬಗ್ಗೆ ಬರೆದಿದ್ದೀಯ. ಯಲ್ಲಾಪುರದ ಬದಿಗೆ ಜಾಗವಿಲ್ಲ. ಹಿತ್ತಾಳೆ ತಂತಿಯ ಹಳಿಯು ಮುಂದಿನ ಅಂಚಿನಿಂದ ಐದು ಇಂಚಿಗೆ ಹೋಗಿ, ತುದಿಯಲ್ಲಿ ತಿರುಗಿ, ಗುಡ್ಡದ ಹಿಂದಿನಿಂದ ಸಿದ್ದಾಪುರಕ್ಕೆ ವಾಪಸ್ಸಾಗುತ್ತದೆ. ಬೀದಿ ಬೇಕೆಂದರೆ ಹಳಿಯನ್ನೇ ಹಿಂದಕ್ಕೆ ಸರಿಸಬೇಕು. ಅಲ್ಲಿ ಎಂಟು ಅಡಿ ಉದ್ದಕ್ಕೆ ಖಡಿ ಹಾಸಿ ಮುಗಿದಿದೆ. ಖಡಿ ಎಂದರೆ ಜರಡಿ ಹಿಡಿದ ಹೊಳೆಮರಳು, ಅಂಟು ಹಾಕಿ ಚಮಚದಿಂದ ಕೂರಿಸಿದ್ದು. ಮೂರು ತಿಂಗಳ ಕೆಲಸ. ಕೂತ ಹಳಿಯನ್ನು ಸುಮ್ಮಸುಮ್ಮನೆ ಅಲ್ಲಾಡಿಸಬಾರದು ಎಂದು ಮೂವತ್ತನಾಲ್ಕು ವರ್ಷ ಗ್ಯಾಂಗಿನವರಿಗೆ ಹೇಳಿಕೊಂಡು ಬಂದವನು ನಾನು.

ಗುಡ್ಡದ ಹಿಂದೆ ಒಂದು ಅಡಿ ಖಾಲಿ ಇದೆ. ಬೇಕಾದರೆ ಅಲ್ಲಿ ನಾಲ್ಕು ಮನೆ ಇಡಬಹುದು.

ಮಾಸ್ತರಿಗೆ ನಾನು ಹೇಳಿದ ಮಾತಿನ ಬಗ್ಗೆ: ಕೇಳಿದವರಿಗೆಲ್ಲ ಮನೆಯ ವಿಷಯ ಬಿಚ್ಚಿಡುವ ಅಗತ್ಯ ನನಗೆ ಕಾಣುವುದಿಲ್ಲ. ನಿನ್ನ ಮಾವ ಗದಿಗೆಪ್ಪನಿಗೆ ನಾನು ಮಾತು ಕೊಟ್ಟಿದ್ದೇನೆ. ಅವನು ಈಗಲೂ ತಿಂಗಳಿಗೊಮ್ಮೆ ಶಿರಸಿಗೆ ಬಂದರೆ ನಮ್ಮ ಮನೆಯಲ್ಲೇ ಉಣ್ಣುತ್ತಾನೆ.

ಇಂತಿ,
ಚನ್ನವೀರಪ್ಪ

ಕಸ್ತೂರಿ, ಲಕೋಟಿ ಅಂಟಸತೇನಿ ಅಂತ ಇಸಗೊಂಡು ನಾ ಎರಡು ಸಾಲು ಬರಿಯಾಕತ್ತೇನಿ. ನಿನ್ನ ಕಾಗದ ಮೂರು ಸಲ ಓದಿದ್ರು. ಆಮ್ಯಾಲ ಹಲಗಿ ಮುಂದ ಹೋಗಿ ನಿಂತಿದ್ರು, ಚಾ ಆರಿ ಹೋತು. ಬಿಡಬ್ಯಾಡ. ನಿಮ್ಮವ್ವ, ಪಾರ್ವತವ್ವ.


ಯಲ್ಲಾಪುರ
1-12-2003

ಅಪ್ಪಾ,

ಮೊದಲು ನನ್ನ ಹೆಸರಿನ ಹಿಂದಿನ 'ಸೌ.' ತೆಗೆಯಿರಿ. ಅದನ್ನು ನಾನು ಹುಬ್ಬಳ್ಳಿಯಲ್ಲೇ ಬಿಟ್ಟು ಬಂದಿದ್ದೇನೆ.

ಗುಡ್ಡದ ಹಿಂದೆ ನಾಲ್ಕು ಮನೆ ಅಂತೆ! ಯಾರು ನೋಡಲಿಕ್ಕೆ, ಇಲಿ ನೋಡಲಿಕ್ಕೆ? ಆರು ವರ್ಷ ನನ್ನನ್ನು ಇಟ್ಟಿದ್ದು ಅಲ್ಲೇ ಅಲ್ಲವೇ?

ನಿಮಗೆ ಜ್ಞಾಪಕ ಇದೆಯೋ ಇಲ್ಲವೋ, ನಾನೇ ಹೇಳುತ್ತೇನೆ. 1997ರ ಆಗಸ್ಟಿನಲ್ಲಿ ಒಂದು ಟ್ರಂಕು ಹಿಡಿದುಕೊಂಡು ನಿಮ್ಮ ಬಾಗಿಲಿಗೆ ಬಂದೆ. ಎಡಗೈ ಎತ್ತಲು ಬರುತ್ತಿರಲಿಲ್ಲ. ವಿರೂಪಾಕ್ಷ ಹೆಂಡತಿಗೆ ಹೊಡೆಯುತ್ತಾನೆ ಅನ್ನುವುದು ಹುಬ್ಬಳ್ಳಿಯ ರೈಲ್ವೆ ಕಾಲೋನಿಗೆಲ್ಲ ಗೊತ್ತಿತ್ತು, ನಿಮಗೂ ಗೊತ್ತಿತ್ತು. ನೀವು ನನ್ನ ಕೈ ನೋಡಿದಿರಿ. ಆಮೇಲೆ, "ಗದಿಗೆಪ್ಪ ಇಪ್ಪತ್ತು ವರ್ಷ ನನ್ನ ಕೂಡ ಒಂದ ಗ್ಯಾಂಗಿನ್ಯಾಗ ದುಡದಾನ. ಅವನ ಮಗನ್ನ ಬಿಟ್ಟು ಬಂದ್ರ ನಾ ಅವಗ ಹೆಂಗ ಮಾರಿ ತೋರಸಲಿ?" ಅಂದಿರಿ. ಅದೇ ಸಂಜೆ ನೀವೇ ಟ್ರಂಕು ಎತ್ತಿಟ್ಟು ಹುಬ್ಬಳ್ಳಿ ಬಸ್ಸಿನಲ್ಲಿ ಕೂರಿಸಿದಿರಿ. ನಾನು ಯಲ್ಲಾಪುರದಲ್ಲಿ ಇಳಿದೆ. ನಾನು ಮಾಡಿದ್ದು ಅಷ್ಟೇ. ಬಸ್ ಸ್ಟ್ಯಾಂಡಿನಲ್ಲಿ ರೊಟ್ಟಿ ಮಾರುತ್ತಿದ್ದ ದುರ್ಗಮ್ಮ ಏನೂ ಕೇಳದೆ ಮನೆಗೆ ಕರೆದುಕೊಂಡು ಹೋದಳು. ಮರುದಿನದಿಂದ ಒಂದು ಕೈಯಲ್ಲೇ ಹಿಟ್ಟು ನಾದಿಕೊಟ್ಟೆ.

ಗದಿಗೆಪ್ಪನಿಗೆ ಕೊಟ್ಟ ಮಾತು ಯಾವುದೆಂದು ನನಗೆ ಗೊತ್ತು. ಹುಬ್ಬಳ್ಳಿ ಲಾರಿಯವರು ಎಲ್ಲ ಸುದ್ದಿ ತರುತ್ತಾರೆ. ಅಲ್ಲಿ ಅವರು, ಸೊಸೆ ಶಿರಸಿಯಲ್ಲಿ ತಾಯಿಯ ಆರೈಕೆಗೆ ಹೋಗಿದ್ದಾಳೆ ಅನ್ನುತ್ತಾರೆ. ಶಿರಸಿಯಲ್ಲಿ ನೀವು, ಮಗಳು ಹುಬ್ಬಳ್ಳಿಯಲ್ಲಿದ್ದಾಳೆ ಅನ್ನುತ್ತೀರಿ. ಭಲೇ ಜೋಡಿ! ಆರು ವರ್ಷ ತಾಯಿಯ ಆರೈಕೆ ಮಾಡಿಸಿಕೊಳ್ಳುವಂಥದ್ದು ಅವ್ವನಿಗೆ ಏನಾಗಿದೆ ಅಂತ ಯಾರೂ ಕೇಳಲಿಲ್ಲವೇ?

ಈಗ ಬೀದಿ ಬರೆದುಕೊಳ್ಳಿ. ದೊಡ್ಡ ರಸ್ತೆಯಿಂದ ಒಳಗೆ ತಿರುಗಿದರೆ ಎಡಕ್ಕೆ ಪಂಕ್ಚರ್ ಅಂಗಡಿ, ಹೊರಗೆ ನಾಲ್ಕು ಹಳೇ ಟಾಯರು. ಆಮೇಲೆ ನನ್ನ ಖಾನಾವಳಿ. ಹಂಚಿನ ಮಾಡು, ನೀಲಿ ಬಾಗಿಲು, ಆರು ಮೇಜು. ಅದರಾಚೆ ಟೇಲರು, ಅವನಾಚೆ ಎಸ್‌ಟಿಡಿ ಬೂತು. ಎದುರಿಗೆ ಒಂದು ಹಲಸಿನ ಮರ, ಅದರ ಬುಡದಲ್ಲಿ ಯಾವಾಗಲೂ ಒಂದು ಆಟೋ. ರಸ್ತೆಯ ಅಗಲ ನನ್ನ ಹೆಜ್ಜೆಯಲ್ಲಿ ಹದಿಮೂರು.

ಕೂತ ಹಳಿ ಅಲ್ಲಾಡಿಸಬಾರದು ಅಂತೀರಿ. ಸಣ್ಣವಳಿದ್ದಾಗ ತಿರುವು ಅಳೆಯುವ ದಾರದ ಒಂದು ತುದಿ ಹಿಡಿದು ನಿಮ್ಮ ಹಿಂದೆ ತಿರುಗಿದವಳು ನಾನು. ತಿರುವು ಕೆಟ್ಟಿದೆ ಅಂತ ಗೊತ್ತಾದ ಮೇಲೆ ನೀವು ಹಾಗೇ ಬಿಟ್ಟು ಮನೆಗೆ ಬಂದದ್ದನ್ನು ಒಂದು ದಿನವೂ ನೋಡಿಲ್ಲ. ಹನ್ನೆರಡು ಜನರ ಕೈಗೆ ಹಾರೆ ಕೊಟ್ಟು, "ಹಾಕ್ರಲೇ ಜೋರ!" ಅಂತ ಕೂಗಿ ಸರಿಸಿಯೇ ಬರುತ್ತಿದ್ದಿರಿ. ಈಗ ಎಂಟು ಅಡಿ ಹಿತ್ತಾಳೆ ತಂತಿ ಸರಿಸಲು ಕೈ ನಡುಗುತ್ತದೆಯೇ?

ಇಂತಿ,
ಕಸ್ತೂರಿ


ಶಿರಸಿ
28-12-2003

ಚಿ. ಕಸ್ತೂರಿಗೆ ಆಶೀರ್ವಾದಗಳು.

ನನ್ನ ಕೈ ನಡುಗುವುದಿಲ್ಲ.

ಹಳಿ ಒಂಬತ್ತು ಇಂಚು ಹಿಂದಕ್ಕೆ ಸರಿದಿದೆ. ಅಂಟಿದ ಖಡಿಯನ್ನು ಬಿಸಿನೀರು ಸವರಿ ಸಡಿಲು ಮಾಡಿ, ಹಳೆಯ ಸ್ಕ್ರೂಡ್ರೈವರಿನಿಂದ ಕೆರೆದೆ. ಹದಿನೈದು ದಿನ ಹಿಡಿಯಿತು. ಮೊದಲು ಬರೀ ಸೀಸದಕಡ್ಡಿಯಿಂದ ಗೆರೆ ಎಳೆದುಕೊಂಡೆ. ದಾರ ಹಿಡಿಯಲು ಜನ ಬೇಕಿತ್ತು; ನಿನ್ನ ತಾಯಿ ಹಿಡಿದಳು. ಆದರೆ ಅವಳು ಮಾತಾಡುತ್ತಾ ದಾರ ಸಡಿಲು ಬಿಡುತ್ತಾಳೆ.

ಮುಂದಿನ ಅಂಚಿಗೆ ಬೀದಿ ಬಂದಿದೆ. ಮನೆಗಳು ದಪ್ಪ ರಟ್ಟಿನವು, ಮಾಡಿಗೆ ಅಡಿಕೆ ಹಾಳೆ ಕತ್ತರಿಸಿ ಕೆಂಪು ಬಣ್ಣ ಹಚ್ಚಿದ್ದೇನೆ. ಹಲಸಿನ ಮರಕ್ಕೆ ಒಣಗಿದ ಗಿಡದ ಕಡ್ಡಿ, ಎಲೆಗೆ ಸಾಮಿಲ್ಲಿನ ಪುಡಿ. ಆಟೋ ಮಾಡಲು ಬಂದಿಲ್ಲ. ನಿನ್ನ ಹೆಜ್ಜೆ ಎಷ್ಟು ಉದ್ದವೆಂದು ತಿಳಿಯದ ಕಾರಣ ನಿನ್ನ ತಾಯಿಯ ಹೆಜ್ಜೆ ಅಳೆದು ರಸ್ತೆಯ ಅಗಲ ಲೆಕ್ಕ ಹಾಕಿದ್ದೇನೆ. ತಪ್ಪಿದ್ದರೆ ತಿಳಿಸು.

ಒಂದು ತೊಂದರೆ ಇದೆ. ಹಳಿ ಹಿಂದಕ್ಕೆ ಸರಿದ ಕಡೆ ಒಂದು ಹೊಸ ತಿರುವು ಬಂತು. ಅದರ ಒಳಬದಿಗೆ ನಿನ್ನ ಬೀದಿ. ನಿಯಮದ ಪ್ರಕಾರ ತಿರುವಿನಲ್ಲಿ ಹೊರಗಿನ ಹಳಿಯನ್ನು ಎತ್ತರಿಸಿದ್ದೇನೆ, ಗಂಟೆಗೆ ಎಪ್ಪತ್ತೈದು ಕಿಲೋಮೀಟರಿನ ಲೆಕ್ಕಕ್ಕೆ. ಆದರೂ ಇಂಜಿನ್ನು ಅಲ್ಲಿಗೆ ಬಂದ ತಕ್ಷಣ ಬೀದಿಯ ಕಡೆ ವಾಲಿ ಬೀಳುತ್ತದೆ. ಮೂರು ಸಲ ಬಿತ್ತು. ಮೂರು ಸಲವೂ ಖಾನಾವಳಿಯ ಮೇಲೆಯೇ. ಮೂವತ್ತನಾಲ್ಕು ವರ್ಷದಲ್ಲಿ ನನ್ನ ಸೆಕ್ಷನ್ನಿನಲ್ಲಿ ಒಂದು ಗಾಡಿಯೂ ಹಳಿ ತಪ್ಪಿರಲಿಲ್ಲ.

ಇಂತಿ,
ಚನ್ನವೀರಪ್ಪ

ಕಸ್ತೂರಿ, ಮೂರನೇ ಸಲ ಮಾಡು ಮುರದಾಗ ಇವರು ಊಟಾ ಬಿಟ್ಟು ಕುಂತ್ರು. "ಮತ್ತ ಅಕಿ ಮ್ಯಾಲ ಬಿತ್ತಲ್ಲ" ಅಂದ್ರು. ನಾ ಕೇಳಸಲಿಲ್ಲ ಅನ್ನೋ ಹಂಗ ಒಳಗ ಹೋದ್ನಿ. ಅವ್ವ.


ಯಲ್ಲಾಪುರ
5-1-2004

ಅಪ್ಪಾ,

ನಕ್ಕು ನಕ್ಕು ಸಾಕಾಯಿತು. ದುರ್ಗಮ್ಮನಿಗೂ ಓದಿ ಹೇಳಿದೆ. "ನಿಮ್ಮಪ್ಪ ರೈಲ್ವೆದಾಗ ಏನ್ ಮಾಡ್ತಿದ್ದ, ಟಿಕೀಟ್ ಹರೀತಿದ್ನೇನು?" ಅಂತ ಕೇಳಿದಳು. ಅವಳಿಗೆ ಬೈದೆ. ನಿಮ್ಮನ್ನು ಬೈಯುವ ಹಕ್ಕು ನನ್ನೊಬ್ಬಳದು.

ಅಪ್ಪಾ, ನಿಮ್ಮ ಇಂಜಿನ್ನು ಗಂಟೆಗೆ ಎಪ್ಪತ್ತೈದು ಕಿಲೋಮೀಟರು ಎಲ್ಲಿ ಓಡುತ್ತದೆ? ಯಲ್ಲಾಪುರ ದಾಟುವಷ್ಟರಲ್ಲಿ ಅವ್ವ ಚಹಾ ಕುಡಿದು ಮುಗಿಸಿಯಾಳು. ಜೋರಾಗಿ ಹೋಗುವ ಗಾಡಿ ಹೊರಗೆ ಬೀಳಬಾರದು ಅಂತ ಹೊರಗಿನ ಹಳಿ ಎತ್ತುವುದು. ತೆವಳುವ ಗಾಡಿಗೆ ಎತ್ತಿದರೆ ಅದು ಒಳಗೆ ಬೀಳದೆ ಇನ್ನೇನು ಮಾಡೀತು? ಇದನ್ನು ನನಗೆ ಕಲಿಸಿದವರು ನೀವೇ, ಎಂಟು ವರ್ಷದವಳಿದ್ದಾಗ. ಸಪಾಟಾಗಿ ಹಾಸಿ. ನಿಯಮ ಪುಸ್ತಕ ಕಪಾಟಿನಲ್ಲಿಡಿ. ಪುಸ್ತಕದಲ್ಲಿದೆ, ಗದಿಗೆಪ್ಪನಿಗೆ ಮಾತು ಕೊಟ್ಟಾಗಿದೆ ಅಂತ ಎದುರಿಗೆ ಬಿದ್ದದ್ದನ್ನು ನೋಡದೆ ಹೋಗುವ ಚಾಳಿ ನಿಮಗೆ ಮೊದಲಿಂದಲೂ ಇದೆ.

ಇಷ್ಟು ಬರೆದ ಮೇಲೆ ಇದನ್ನೂ ಬರೆಯುತ್ತೇನೆ. ನೀವು ಹಳಿ ಕೆರೆದಿರಿ ಅಂತ ಓದಿದಾಗ ನನಗೆ ತುಂಬಾ ಸಂತೋಷ ಆಯಿತು. ಅವತ್ತು ಬದನೆಕಾಯಿ ಪಲ್ಯಕ್ಕೆ ಎರಡು ಸಲ ಉಪ್ಪು ಹಾಕಿ ಗಿರಾಕಿಗಳಿಂದ ಬೈಸಿಕೊಂಡೆ.

ಖಾನಾವಳಿಯ ಬೋರ್ಡಿನ ಮೇಲೆ ಏನು ಬರೆದಿದ್ದೀರಿ?

ಇಂತಿ,
ಕಸ್ತೂರಿ


ಶಿರಸಿ
20-1-2004

ಚಿ. ಕಸ್ತೂರಿಗೆ ಆಶೀರ್ವಾದಗಳು.

ಹೊರಗಿನ ಹಳಿ ಇಳಿಸಿದೆ. ನೂರು ಸುತ್ತು ಓಡಿಸಿದೆ, ಒಮ್ಮೆಯೂ ಬೀಳಲಿಲ್ಲ. ನೀನು ಹೇಳಿದ್ದು ಸರಿ.

ಬೋರ್ಡಿನ ಮೇಲೆ 'ಖಾನಾವಳಿ' ಎಂದಿದೆ. ಅಂಗಡಿ ಎರಡು ಇಂಚು, ಬೋರ್ಡು ಅದಕ್ಕೂ ಸಣ್ಣದು. ಹೆಚ್ಚಿಗೆ ಅಕ್ಷರ ಹಿಡಿಯುವುದಿಲ್ಲ.

ಮಹೋತ್ಸವ ಫೆಬ್ರುವರಿ 6, 7, 8ಕ್ಕೆ. ಆಮೇಲೂ ಶಿವರಾತ್ರಿಯ ತನಕ ಹಲಗೆ ಶಾಲೆಯ ಹಾಲಿನಲ್ಲೇ ಇರುತ್ತದೆ. ಸಿದ್ದಾಪುರದ ಕಡೆಯ ಶಾಲೆಯವರೂ ನೋಡಲು ಬರುತ್ತಾರೆಂದು ನಾಗಪತಿ ಮಾಸ್ತರು ಹೇಳಿದರು. ಗದಿಗೆಪ್ಪ ಮೊದಲ ದಿನವೇ ಬರುತ್ತಾನೆ. ಬಹಳ ಜನ ಸೇರುವುದರಿಂದ ನೀನು ಬರುವ ತೊಂದರೆ ತೆಗೆದುಕೊಳ್ಳಬೇಡ.

ಇಂತಿ,
ಚನ್ನವೀರಪ್ಪ

ಬಾ. ಅವ್ವ.


ಯಲ್ಲಾಪುರ
24-1-2004

ಅಪ್ಪಾ,

ಕಾರ್ಡಿನಲ್ಲೇ ಬರೆಯುತ್ತಿದ್ದೇನೆ, ಪೋಸ್ಟಿನವನೂ ಓದಲಿ. ಸ್ಟೇಷನ್ನಿಗೆ 'ಸಿದ್ದಾಪುರ' ಅಂತ ನಾಲ್ಕು ಅಕ್ಷರ ಹಿಡಿಯುತ್ತದೆ, 'ಯಲ್ಲಾಪುರ' ಅಂತ ನಾಲ್ಕು ಹಿಡಿಯುತ್ತದೆ. ನನ್ನ ಹೆಸರಿಗೆ ಮೂರೇ ಅಕ್ಷರ. ಬಣ್ಣದ ಕಡ್ಡಿ ಸಣ್ಣದು ಮಾಡಿಕೊಳ್ಳಿ. ಆರು ಮೇಜಿನ ಖಾನಾವಳಿ ಕಟ್ಟಿದವಳಿಗೆ ಹೆಸರಿದೆ.

ಕಸ್ತೂರಿ


ಯಲ್ಲಾಪುರ
7-2-2004

ಅಪ್ಪಾ,

ನಾನು ಬಂದಿದ್ದೆ. ನಿಮಗೆ ಗೊತ್ತಿಲ್ಲ. ನಿನ್ನೆ ಬೆಳಗಿನ ಬಸ್ಸಿಗೆ ಬಂದು, ಶಾಲೆಯ ಮಕ್ಕಳ ಸಾಲಿನ ಹಿಂದೆ, ಸೆರಗು ತಲೆ ಮೇಲೆ ಹೊದ್ದುಕೊಂಡು ನಿಂತಿದ್ದೆ.

ಮಕ್ಕಳ ತಲೆಗಳ ನಡುವಿಂದ ಹಲಗೆ ಕಂಡಿತು. ಸಿದ್ದಾಪುರ ಕಂಡಿತು, ಐದು ರಸ್ತೆ ಕಂಡಿತು. ಆಮೇಲೆ ಮುಂದಿನ ಅಂಚಿನಲ್ಲಿ ನನ್ನ ಬೀದಿ. ಪಂಕ್ಚರ್ ಅಂಗಡಿಯ ಮುಂದೆ ನಾಲ್ಕು ಟಾಯರು ಇಟ್ಟಿದ್ದೀರಿ. ನೀಲಿ ಬಾಗಿಲು. ಅದರ ಮೇಲೆ 'ಕಸ್ತೂರಿ ಖಾನಾವಳಿ'. ಅಷ್ಟು ಸಣ್ಣ ಅಕ್ಷರ, ಅಷ್ಟು ಚಂದ! ನನ್ನ ಕಣ್ಣು ತುಂಬಿ ಬಂತು. ನಿಮ್ಮನ್ನು ಕೂಗಬೇಕು ಅಂತ ಬಾಯಿ ತೆರೆದೆ.

ಅಷ್ಟರಲ್ಲಿ ಮುಂದೆ ನಿಂತಿದ್ದ ಹಿರಿಯರೊಬ್ಬರು ಬಗ್ಗಿ ನೋಡಿ, "ಯಾರ್ರೀ ಮೇಸ್ತ್ರಿ ಈ ಕಸ್ತೂರಿ?" ಅಂದರು. ನಿಮ್ಮ ಪಕ್ಕದಲ್ಲಿ ಗದಿಗೆಪ್ಪ ನಿಂತಿದ್ದರು. ಅವರು ನಿಮ್ಮನ್ನು ನೋಡಿದರು. ನೀವು ಇಂಜಿನ್ನು ಒರೆಸುತ್ತಾ, "ಯಾರೂ ಅಲ್ರೀ. ಸುಮ್ನ ಒಂದು ಹೆಸರು ಬರದೇನಿ" ಅಂದಿರಿ. ಗದಿಗೆಪ್ಪ ನಿಮ್ಮ ಬೆನ್ನು ತಟ್ಟಿದರು.

ಯಾರೂ ಅಲ್ಲ.

ಬರೆಯದೆ ಬಿಟ್ಟಿದ್ದರೆ ಚೆನ್ನಾಗಿತ್ತು ಅಪ್ಪಾ. ಕಾಡೇ ಇರಲಿ ಅಂತ ಬಿಟ್ಟಿದ್ದರೆ ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡು ಆರಾಮಾಗಿ ಇರುತ್ತಿದ್ದೆ. ನನ್ನ ಹೆಸರು ಬರೆದು, ಅದು ಯಾರದೂ ಅಲ್ಲ ಅಂದಿರಿ. ವಿರೂಪಾಕ್ಷ ಹೊಡೆದದ್ದು ಎಡಗೈಗೆ, ಅದು ವಾಸಿಯಾಯಿತು. ಇದು ಆಗುವುದಿಲ್ಲ.

ನನ್ನ ಅಂಗಡಿಯನ್ನು ನಿಮ್ಮ ಹಲಗೆಯಿಂದ ಕಿತ್ತು ಹಾಕಿ. ನನಗೆ ಯಲ್ಲಾಪುರದಲ್ಲಿ ನಿಜವಾದದ್ದೊಂದಿದೆ. ಅಲ್ಲಿ ದಿನಕ್ಕೆ ನೂರು ಜನ ನನ್ನ ಹೆಸರು ಹಿಡಿದು ಕರೆಯುತ್ತಾರೆ. ನಿಮ್ಮ ಎರಡು ಇಂಚಿನ ದಯೆ ಬೇಡ. ಇನ್ನು ನಾನು ಬರೆಯುವುದಿಲ್ಲ, ನೀವೂ ಬರೆಯಬೇಡಿ.

ಕಸ್ತೂರಿ


ಶಿರಸಿ
16-2-2004

ಕಸ್ತೂರಿಗೆ,

ಬರೆಯಬೇಡಿ ಎಂದಿದ್ದೀಯ. ಆದರೂ ಬರೆಯುತ್ತಿದ್ದೇನೆ.

ನಿನ್ನ ಪತ್ರ 10ನೇ ತಾರೀಖು ಬಂತು. ಗಾಡಿ ಹಳಿ ತಪ್ಪಿದರೆ, ಏನಾಯಿತು, ಯಾರ ತಪ್ಪಿನಿಂದ ಆಯಿತು ಎಂದು ಮೇಸ್ತ್ರಿಯಾದವನು ಹೇಳಿಕೆ ಬರೆದು ಸಹಿ ಮಾಡಬೇಕು. ಅದು ನಮ್ಮಲ್ಲಿಯ ಪದ್ಧತಿ. ನನಗೆ ಮಾತಾಡಲು ಬರುವುದಿಲ್ಲ, ಹೇಳಿಕೆ ಬರೆಯಲು ಬರುತ್ತದೆ. ಅವತ್ತೇ ಕೂತು ಬರೆದೆ. 11ನೇ ತಾರೀಖು ಬೆಳಿಗ್ಗೆ ಶಾಲೆಯ ಹಾಲಿನ ಬಾಗಿಲು ತೆರೆದ ಕೂಡಲೇ ಹಲಗೆಯ ಮುಂಭಾಗಕ್ಕೆ, ಯಲ್ಲಾಪುರದ ಕೆಳಗೆ, ಅಂಟಿಸಿದೆ. ಪ್ರತಿ ಇದರಲ್ಲಿ ಇಟ್ಟಿದ್ದೇನೆ.

ನಾಗಪತಿ ಮಾಸ್ತರು ಮೊದಲು ಓದಿದರು. "ಎಂತ ಮೇಸ್ತ್ರಿ ಇದು" ಎಂದವರು, ಇನ್ನೊಂದು ಸಲ ಓದಿ, "ನಾನು ಅವತ್ತು ಅವರ ಕೈಯಲ್ಲೇ ಉಂಡು ಬಂದೆನಲ್ಲ ಮಾರಾಯ್ರೆ" ಎಂದರು. ಮಧ್ಯಾಹ್ನದ ಹೊತ್ತಿಗೆ ಓದುವವರ ಗುಂಪು ರೈಲು ನೋಡುವವರಿಗಿಂತ ದೊಡ್ಡದಾಯಿತು. ಸಮಿತಿಯವರು ಬಂದು ಚೀಟಿ ತೆಗೆಯಿರಿ ಎಂದರು, ಮಕ್ಕಳು ಬರುವ ಜಾಗ ಎಂದರು. ತೆಗೆಯುವುದಿಲ್ಲ ಎಂದೆ. ಹಾಗಾದರೆ ಹಲಗೆ ಇಲ್ಲಿ ಇರುವ ಹಾಗಿಲ್ಲ ಎಂದರು. 14ನೇ ತಾರೀಖು ನಾನೂ ಮಾಸ್ತರೂ ಟೆಂಪೋ ತಂದು ಹಲಗೆ ಮನೆಗೆ ಸಾಗಿಸಿದೆವು. ಇಳಿಸುವಾಗ ಸಿದ್ದಾಪುರ ಮುರಿದುಹೋಯಿತು. ಯಲ್ಲಾಪುರಕ್ಕೆ ಏನೂ ಆಗಿಲ್ಲ.

12ನೇ ತಾರೀಖು ಗದಿಗೆಪ್ಪ ಬಂದಿದ್ದ. ಬಾಗಿಲಲ್ಲೇ ನಿಂತು, "ನನ್ನ ಮಾನಾ ಬಜಾರದಾಗ ಹಚ್ಚಿದಿ" ಎಂದ. "ನಿನ್ನ ಮಗ ನನ್ನ ಮಗಳ ಕೈ ಮುರದಾಗ ಅದು ಎಲ್ಲಿತ್ತೋ?" ಎಂದೆ. ಅವನು ಹೋದ. ಇಪ್ಪತ್ತು ವರ್ಷ ಜೊತೆಗೆ ದುಡಿದ ಗೆಳೆಯ. ನನಗೆ ಅದರ ದುಃಖ ಇದೆ, ಮುಚ್ಚಿಡುವುದಿಲ್ಲ. ಆದರೆ ಆ ಮಾತನ್ನು ಆರು ವರ್ಷದ ಹಿಂದೆ ಆಡಬೇಕಿತ್ತು.

ಖಾನಾವಳಿ ಕಿತ್ತು ಹಾಕಿ ಎಂದಿದ್ದೀಯ. ಆ ಕೆಲಸ ನನ್ನಿಂದ ಆಗುವುದಿಲ್ಲ.

ಚನ್ನವೀರಪ್ಪ

ಹೇಳಿಕೆ

ಈ ಹಲಗೆಯ ಮೇಲೆ ಯಲ್ಲಾಪುರದಲ್ಲಿ ಕಾಣುವ ನೀಲಿ ಬಾಗಿಲಿನ ಖಾನಾವಳಿ ನನ್ನ ಮಗಳು ಕಸ್ತೂರಿಯದು. ಅದು ಸುಮ್ಮನೆ ಬರೆದ ಹೆಸರಲ್ಲ. ಅವಳು ಹುಬ್ಬಳ್ಳಿಯಲ್ಲಿ ಗಂಡನ ಮನೆಯಲ್ಲಿದ್ದಾಳೆ ಎಂದು ಆರು ವರ್ಷದಿಂದ ನಾನು ಎಲ್ಲರಿಗೂ ಹೇಳಿದ್ದು ಸುಳ್ಳು. ಗಂಡ ಹೊಡೆಯುತ್ತಿದ್ದ. ಅವಳು ಬಿಟ್ಟು ಬಂದಳು. 1997ನೇ ಇಸವಿ ಆಗಸ್ಟ್ ತಿಂಗಳಲ್ಲಿ ಮುರಿದ ಕೈ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದಾಗ ಅವಳನ್ನು ವಾಪಸ್ಸು ಬಸ್ಸಿಗೆ ಹತ್ತಿಸಿದವನು ನಾನು. ಅವಳು ನಡುದಾರಿಯಲ್ಲಿ ಇಳಿದು, ಯಾರ ಹಂಗೂ ಇಲ್ಲದೆ ದುಡಿದು ಬದುಕಿದ್ದಾಳೆ. ಅವಳದು ಏನೂ ತಪ್ಪಿಲ್ಲ. ತಪ್ಪು ಪೂರ್ತಿ ನನ್ನದು.

(ಸಹಿ) ಚನ್ನವೀರಪ್ಪ, ನಿವೃತ್ತ ಹಳಿ ಮೇಸ್ತ್ರಿ

ಪ್ರತಿಗಳು: ಶ್ರೀ ಗದಿಗೆಪ್ಪ, ಹುಬ್ಬಳ್ಳಿ; ಮಹೋತ್ಸವ ಸಮಿತಿ; ಕಸ್ತೂರಿ, ಯಲ್ಲಾಪುರ.

ಕಸ್ತೂರಿ, ಈ ಸಲ ಕದ್ದು ಬರಿಯಾಕತ್ತಿಲ್ಲ. ಇವರೇ ಪೆನ್ನು ಕೊಟ್ಟು, ನೀನೂ ಬರಿ ಅಂದ್ರು. ನಾ ಏನ್ ಬರೀಲಿ? ಮೂರು ದಿನದಿಂದ ಯಲ್ಲಾಪುರ ಬಸ್ಸು ಎಷ್ಟೊತ್ತಿಗೆ ಅಂತ ಕೇಳಾಕತ್ತಾರ. ಹೋಗೋಣ ಅಂದ್ರ, "ಅಕಿ ಕರದಿಲ್ಲ" ಅಂತಾರ. ಅವ್ವ.


ಯಲ್ಲಾಪುರ
20-2-2004

ಅಪ್ಪಾ,

ಹೇಳಿಕೆ ತಲುಪಿತು. ದುರ್ಗಮ್ಮನಿಗೆ ಓದಿ ಹೇಳಲು ಹೋದೆ, ಅರ್ಧಕ್ಕೇ ಕಾಗದ ಮಡಿಚಿಟ್ಟೆ. ಹಿಟ್ಟಿನ ಕೈಯಲ್ಲೇ ಅವಳು ನನ್ನನ್ನು ಅಪ್ಪಿಕೊಂಡಳು. ಇಬ್ಬರೂ ಅತ್ತೆವು. ಒಲೆಯ ಮೇಲಿನ ರೊಟ್ಟಿ ಸುಟ್ಟುಹೋಯಿತು, ಹೊರಗಿನಿಂದ ಗಿರಾಕಿಗಳು, "ಏನ್ರಬೇ, ಇವತ್ತ ಊಟ ಐತೋ ಇಲ್ಲೋ?" ಅಂತ ಕೂಗಿದರು. ತಡೀರೋ, ನಮ್ಮಪ್ಪನ ಕಾಗದ ಬಂದೈತಿ ಅಂದೆ.

ಇದರಿಂದ ಎಲ್ಲ ಸರಿಹೋಯಿತು ಅಂತ ತಿಳಿಯಬೇಡಿ. ಆರು ವರ್ಷದ ಸಿಟ್ಟು ಒಂದು ಚೀಟಿಗೆ ಇಳಿಯುವುದಿಲ್ಲ. ಸಿಟ್ಟು ಬಂದಾಗ ಬೈಯುತ್ತೇನೆ, ನೀವು ಕೇಳಿಸಿಕೊಳ್ಳಬೇಕು. ಹುಬ್ಬಳ್ಳಿಗೆ ನಾನು ತಿರುಗಿ ಹೋಗುವುದಿಲ್ಲ, ಶಿರಸಿಗೂ ಇರಲಿಕ್ಕೆ ಬರುವುದಿಲ್ಲ. ನನ್ನ ಮನೆ ಇದೇ. ಗದಿಗೆಪ್ಪನವರ ಬಗ್ಗೆ ನನಗೆ ಕನಿಕರ ಇಲ್ಲ. ನಿಮ್ಮ ಬಗ್ಗೆ ಇದೆ. ಗೆಳೆಯನನ್ನು ಕಳಕೊಂಡಿರಿ, ಶಾಲೆಯ ಜಾಗ ಕಳಕೊಂಡಿರಿ, ಸಿದ್ದಾಪುರ ಮುರಕೊಂಡಿರಿ. ಅದು ನನಗಾಗಿ ಅಂತ ನನಗೆ ಗೊತ್ತು.

ಅಕಿ ಕರದಿಲ್ಲ ಅಂತೀರಂತೆ. ಕರೆಯುತ್ತಿದ್ದೇನೆ. ಆದರೆ ನಾನು ಹೇಳಿದ ಹಾಗೆ ಬರಬೇಕು.

ಅವ್ವನನ್ನು ಕರೆದುಕೊಂಡು ಬನ್ನಿ. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ದಾರಿ ಹೇಳುತ್ತಾರೆ. ಕೇಳುವಾಗ ನನ್ನ ಹೆಸರು ಹಿಡಿದೇ ಕೇಳಿ. ಬೆಳಿಗ್ಗೆ ಗಿರಾಕಿ ಇಲ್ಲದಾಗ ಬರಬೇಡಿ, ಬಾಗಿಲು ಹಾಕಿದ ಮೇಲೂ ಬರಬೇಡಿ. ಮಧ್ಯಾಹ್ನ ಒಂದೂವರೆಗೆ, ಆರೂ ಮೇಜು ತುಂಬಿದ ಹೊತ್ತಿಗೆ ಬನ್ನಿ. ಹಿತ್ತಲ ಕಡೆಯಿಂದ ಅಲ್ಲ, ಬೀದಿಯಿಂದ. ಹುಬ್ಬಳ್ಳಿ ಲಾರಿಯವರು ಕೂತಿರುತ್ತಾರೆ, ಅವರಲ್ಲಿ ಒಬ್ಬಿಬ್ಬರು ನಿಮ್ಮ ಹಳೇ ರೈಲ್ವೆ ಕಾಲೋನಿಯ ಕಡೆಯವರೇ. ಮೂಲೆ ಹುಡುಕಬೇಡಿ. ನಡುವಿನ ಮೇಜಿಗೆ ಅವರನ್ನು ಸರಿಸಿ ಕೂತು, ಎಲ್ಲರೂ ಊಟ ಬಿಟ್ಟು ತಲೆ ಎತ್ತಿ ನೋಡುವ ಹಾಗೆ, ಗ್ಯಾಂಗಿನವರಿಗೆ ಕೂಗುತ್ತಿದ್ದ ದನಿಯಲ್ಲಿ ಕೂಗಿ: "ಕಸ್ತೂರೀ, ನಿಮ್ಮಪ್ಪ ಬಂದೇನಿ, ಊಟಕ್ಕ ನೀಡವಾ!"

ಮೆಲ್ಲಗೆ ಅಂದರೆ ನಾನು ನೀಡುವುದಿಲ್ಲ.

ನಿಮ್ಮ ಮಗಳು,
ಕಸ್ತೂರಿ